ಪ್ಯಾಡಿನ ಮೇಲಿನ ಅಂಕಿ

"ಅನುಮಾನ ಬಂದ ತಕ್ಷಣ 'ಸಾಕು' ಅಂತೀನಿ ಮೇಡಂ" ಎಂದು ನಾಲ್ಕು ವರ್ಷದ ಹಿಂದೆ, ಮೊದಲ ಪರೀಕ್ಷಾ ಹಾರಾಟದ ದಿನ, ಎಂಜಿನಿಯರ್ ಧರ್ಮೇಂದ್ರ ಮಾತು ಕೊಟ್ಟಿದ್ದ. "ವೇಗ ಇಳಿಸ್ತೀನಿ, ಯಾಕೆ ಅಂತ ಕೇಳಲ್ಲ" ಎಂದಿದ್ದರು ಪೈಲಟ್ ಪ್ರಿಯದರ್ಶಿನಿ.

ಇವತ್ತು ಕಾಗದನಗರ ದಾಟಿ ವೇಗ ಏರಿಸುವಾಗ, ವಿಮಾನದ ಬಾಲದ ನಡುಕ ಮಿತಿ ಮೀರಿದ್ದನ್ನು ಅವನ ಮೀಟರ್ ತೋರಿಸಿತು. ಅಂಕಿಯನ್ನೂ ಸಮಯವನ್ನೂ ತೊಡೆಯ ಮೇಲಿನ ಪ್ಯಾಡಿನಲ್ಲಿ ಬರೆದುಕೊಂಡ. ಬಾಯಿ ಬಿಡಲಿಲ್ಲ. ಹೋದ ವಾರ ಅವನು ಸಾಕು ಎಂದು ಹಾರಾಟ ನಿಲ್ಲಿಸಿದಾಗ ಕೆಟ್ಟಿದ್ದು ಬರೀ ಮೀಟರ್ ಆಗಿತ್ತು. ಅಂದಿನಿಂದ ಶೆಡ್ಡಿನಲ್ಲಿ, "ಟೀ ಕುಡೀಬಹುದಾ ಮಾರಾಯ, ನಿನ್ ಮೀಟರ್ ಏನನ್ನತ್ತೆ?" ಎಂದು ಎಲ್ಲರೂ ನಗುತ್ತಿದ್ದರು.

ಶಿವಮೊಗ್ಗದಲ್ಲಿ ಇಳಿದು ನೋಡಿದರೆ ಬಾಲದಲ್ಲಿ ಬೆರಳುದ್ದದ ಬಿರುಕು.

"ತಪ್ಪು ನಂದೇ ಸರ್" ಎಂದು ಪ್ರಿಯದರ್ಶಿನಿ ಪರೀಕ್ಷಾ ತಂಡದ ಮುಖ್ಯಸ್ಥರಿಗೆ ಹೇಳುತ್ತಿದ್ದರು. "ನಾನೇ ಎಲ್ಲೋ ಒರಟಾಗಿ ತಿರುಗಿಸಿರ್ಬೇಕು. ನಡುಕ ಜಾಸ್ತಿ ಆಗಿದ್ರೆ ಧರ್ಮೇಂದ್ರ ಹೇಳದೆ ಇರ್ತಿರ್ಲಿಲ್ಲ."

ಅಷ್ಟು ಹೊತ್ತೂ ಪ್ಯಾಡನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ ಧರ್ಮೇಂದ್ರ ಕೈ ತೆಗೆದು, ತಲೆ ಎತ್ತದೆ, ಅದನ್ನು ಪ್ರಿಯದರ್ಶಿನಿಯವರ ಮುಂದಿಟ್ಟ.

ಪ್ರಿಯದರ್ಶಿನಿ ಎರಡು ಸಲ ಓದಿದರು. "ಇದಾದ್ಮೇಲೂ ನಾನು ವೇಗ ಏರಿಸಿದ್ನಲ್ಲೋ."

"ಹೌದು ಮೇಡಂ."

ಅವನು ಕೊಟ್ಟ ಮಾತಿಗೆ ತಪ್ಪಿದ್ದ.