ಎಡಗಡೆಯ ಸದ್ದು

"ಇದು ಮೂರನೇ ಹೆಡ್‌ಫೋನ್ ರೀ. ಊರ ಮಂದಿಗೆಲ್ಲಾ ಛಲೋ ಮಾಲು, ನಮಗಷ್ಟ ಕೆಟ್ಟದ್ದು ಹುಡುಕಿ ತರ್ತೀರೇನು?"

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಇಮಾಮಹುಸೇನನಿಗೆ ನಾಗರತ್ನಾ ಬರ್ರಿ ಎಂದೂ ಅನ್ನಲಿಲ್ಲ. ಹದಿನೈದು ದಿನಗಳ ಹಿಂದೆ ದುರ್ಗದಬೈಲಿನ ತನ್ನ ಅಂಗಡಿಯಿಂದ ಕಂಪ್ಯೂಟರ್ ತಂದು, ಹಳೇ ಹುಬ್ಬಳ್ಳಿಯ ಈ ಪಡಸಾಲೆಯಲ್ಲಿ ಜೋಡಿಸಿ ಹೋದವನು ಅವನೇ. ಒಳಗೆ ಕೂಲಿಗೆ ಬರುವ ದುರಗವ್ವ ಒಂದೇ ಸಮನೆ ರೊಟ್ಟಿ ಬಡಿಯುತ್ತಿದ್ದಳು. ಮದುವೆಯ ಮನೆಗೆ ಸಂಜೆಯೊಳಗೆ ಮುನ್ನೂರು ರೊಟ್ಟಿ ಮುಟ್ಟಬೇಕು. ಆ ಬಡಿತದ ನಡುವೆ ಸಿ.ಡಿ.ಯ ಪಾಠ ಕೇಳಿಸಲೆಂದೇ ಮಗಳು ಸುಕನ್ಯಾಳಿಗೆ ಹೆಡ್‌ಫೋನ್. ನಾಳೆ ಅವಳ ಶಾಲೆಯಲ್ಲಿ ಮಿಸ್ ಇಂಗ್ಲಿಷ್ ಓದುತ್ತಾರೆ, ಮಕ್ಕಳು ಕೇಳಿ ಬರೆಯಬೇಕು. ಈ ಸಲವೂ ತಪ್ಪಿದರೆ ಒಂದು ತರಗತಿ ಕೆಳಗೆ ಕೂರಿಸುತ್ತೇವೆ ಎಂದು ಡೈರಿಯಲ್ಲಿ ಕೆಂಪು ಅಕ್ಷರದಲ್ಲಿ ಬರೆದು ಕಳಿಸಿದ್ದರು.

ಇಮಾಮಹುಸೇನ ಹೆಡ್‌ಫೋನ್ ಏರಿಸಿಕೊಂಡು ಕಣ್ಣು ಮುಚ್ಚಿ ಕೇಳಿದ. "ಎರಡೂ ಕಡಿ ಬರಾಕತ್ತೈತಲ್ರಿ ಅಕ್ಕಾರ."

"ನೀವು ಬಂದಾಗ ಬರತೈತಿ. ನೀವು ಓಣಿ ದಾಟೂದ್ರಾಗ ಬಂದ್ ಆಗತೈತಿ. ಅದಕ್ಕೂ ನಿಮ್ಮನ್ನ ಕಂಡ್ರ ಭಾಳ ಪ್ರೀತಿ ನೋಡ್ರಿ."

"ನೀವ ಒಮ್ಮೆ ಹಾಕ್ಕೊಂಡು ನೋಡ್ರಲಾ."

"ಈ ಕೈಲೇನು?" ಮೊಣಕೈವರೆಗೆ ಮೆತ್ತಿದ ಜೋಳದ ಹಿಟ್ಟು ತೋರಿಸಿದಳು. "ನನಗ ಕೇಳಿಸಿ ಏನಾಗಬೇಕೈತಿ? ಓದಾಕಿ ಅಕಿ. ಅಕಿನ್ನ ಕೇಳ್ರಿ."

ಕಂಪ್ಯೂಟರಿನ ಮುಂದೆ ಎಂಟು ವರ್ಷದ ಸುಕನ್ಯಾ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಇಮಾಮಹುಸೇನ ಮೊದಲು ಪರದೆಯ ಮೂಲೆಯಲ್ಲಿದ್ದ ಸ್ಪೀಕರಿನ ಗುರುತನ್ನು ಒತ್ತಿ ನೋಡಿದ. ಎಡ ಬಲದ ಗುಂಡಿ ಸರಿಯಾಗಿ ನಡುವೆಯೇ ಇತ್ತು. ಕಂಪ್ಯೂಟರಿನ ಹಿಂದೆ ಚುಚ್ಚಿದ್ದ ಹೆಡ್‌ಫೋನಿನ ಪಿನ್ನು ಕಿತ್ತು, ಊದಿ, ಮತ್ತೆ ಚುಚ್ಚಿದ. ಹೆಡ್‌ಫೋನನ್ನು ಹುಡುಗಿಯ ತಲೆಗೆ ಏರಿಸಿದ.

"ಎಲ್ಲಿ ಬರವಲ್ದು, ತೋರಿಸವಾ."

ಸುಕನ್ಯಾ ಎಡಗಡೆ ಮುಟ್ಟಿದಳು.

"ಕೇಳಿದ್ರಿಲ್ಲ? ಕೂಸು ಸುಳ್ಳು ಹೇಳತೈತೇನು?" ಎಂದಳು ನಾಗರತ್ನಾ.

ಅವನು ಹೆಡ್‌ಫೋನ್ ತೆಗೆದು, ತಿರುಗಿಸಿ, ಎಡಗಡೆಯದು ಬಲಗಿವಿಗೆ ಬರುವ ಹಾಗೆ ಹಾಕಿದ. "ಈಗ?"

ಹುಡುಗಿ ಸ್ವಲ್ಪ ಹೊತ್ತು ಆಲಿಸಿದಳು. ಮತ್ತೆ ಎಡಗಡೆಯೇ ಮುಟ್ಟಿದಳು.

"ಅಲ್ಲಿಗೆ ಛಲೋ ಇದ್ದದ್ದೂ ಕೆಡಿಸಿದ್ರಿ," ಎಂದು ನಾಗರತ್ನಾ ಹಣೆಯ ಬೆವರನ್ನು ಮುಂಗೈಯಿಂದ ಒರೆಸಿಕೊಂಡಳು. "ನಾಳೆ ಪರೀಕ್ಷಾ ಐತ್ರಿ. ನಿಮಗೇನು, ಇನ್ನೊಂದು ತಂದು ಕೊಟ್ಟು ಹೋಗ್ತೀರಿ. ಅಕಿ ವರ್ಷ ಯಾರು ತಂದು ಕೊಡ್ತಾರ?"

ಇಮಾಮಹುಸೇನ ಇನ್ನೊಮ್ಮೆ ತಿರುಗಿಸಿ ಹಾಕಿದ. ಹುಡುಗಿಯ ಬೆರಳು ಎಡಕ್ಕೇ ಹೋಯಿತು. ಅವನು ಕಂಪ್ಯೂಟರಿನ ಮೇಲಿದ್ದ ಕೈ ತೆಗೆದ.

"ಅಕ್ಕಾರ, ಕೈ ಒರಸ್ಕೊಂಡು ಇತ್ತ ಬರ್ರಿ."

ಆ ದನಿಗೆ ಅವಳು ಎದುರಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡಳು. ಯಾರೋ ಹೆಣ್ಣುಮಗಳು ನಿಧಾನವಾಗಿ ಇಂಗ್ಲಿಷ್ ಹೇಳುತ್ತಿದ್ದಳು, ಒಂದೊಂದು ಮಾತಿಗೂ ಸ್ವಲ್ಪ ತಡೆದು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ನಾಗರತ್ನಾ ತಿರುಗಿಸಿ ಹಾಕಿಕೊಂಡಳು. ಆಗಲೂ ಅಷ್ಟೇ. ತೆಗೆದು ಮೇಜಿನ ಮೇಲಿಟ್ಟಳು.

ಇಮಾಮಹುಸೇನ ಹುಡುಗಿಯ ಬೆನ್ನ ಹಿಂದೆ ಬಗ್ಗಿ, ಎಡಗಿವಿಯ ಹತ್ತಿರ ಮೆಲ್ಲಗೆ ಚಿಟಿಕೆ ಹೊಡೆದ. ಅವಳು ಪರದೆಯನ್ನೇ ನೋಡುತ್ತಿದ್ದಳು. ಬಲಗಿವಿಯ ಹತ್ತಿರ ಹೊಡೆದ. ತಟ್ಟನೆ ತಿರುಗಿದಳು.

"ಸಾಲ್ಯಾಗ ಮಿಸ್ ಹೇಳೂದು ಕೇಳಸತೈತೇನವಾ?"

"ಈ ಕಡಿ ನಿಂತು ಹೇಳಿದ್ರ ಕೇಳಸತೈತ್ರಿ," ಎಂದು ಬಲಗೈ ತೋರಿಸಿದಳು. "ಆ ಕಡಿ ಹೋದ್ರ ಇಲ್ಲ."

"ಯಾವಾಗಿಂದ?"

ಸುಕನ್ಯಾ ತಾಯಿಯ ಮುಖ ನೋಡಿದಳು.

ಕಂಪ್ಯೂಟರ್ ಬರುವುದಕ್ಕೆ ಮೂರು ದಿನ ಮುಂಚೆ. ಹತ್ತಕ್ಕೆ ಎರಡು ಅಂಕದ ಹಾಳೆ ಒಂದು ಕೈಯಲ್ಲಿ, ಹಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿ. ಕೆನ್ನೆಗೆಂದು ನಾಗರತ್ನಾ ಬೀಸಿದ ಬಲಗೈ ಮಗಳ ಎಡಗಿವಿಯ ಮೇಲೆ ಬಿದ್ದಿತ್ತು. ಮಗಳು ಅಳಲಿಲ್ಲ. ಒಮ್ಮೆ ತಲೆ ಕೊಡವಿ, ಪುಸ್ತಕ ತೆರೆದು ಕುಳಿತಿದ್ದಳು. ಅಳಲಿಲ್ಲವಲ್ಲ, ಹೊಡೆತ ಅಷ್ಟೇನೂ ಬಿದ್ದಿಲ್ಲ ಎಂದುಕೊಂಡು ನಾಗರತ್ನಾ ಮುಂದಿನ ರೊಟ್ಟಿಗೆ ಹಿಟ್ಟು ನಾದಿದ್ದಳು.

"ಅಕ್ಕಾ, ಹಿಟ್ಟು ತೀರೇತಿ," ಎಂದು ಒಳಗಿನಿಂದ ದುರಗವ್ವ ಕೂಗಿದಳು. ಬಡಿತ ನಿಂತಿತು.

"ಕಿವಿ ಡಾಕ್ಟರಿಗೆ ತೋರಿಸ್ರಿ. ಇವತ್ತ ಹೋಗ್ರಿ," ಎಂದು ಇಮಾಮಹುಸೇನ ತಗ್ಗಿದ ದನಿಯಲ್ಲಿ ಹೇಳಿ, ಹೆಡ್‌ಫೋನಿನ ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತ.

ನಾಗರತ್ನಾ ಮಗಳ ಕಿವಿ ಮುಟ್ಟಲು ಕೈ ಚಾಚಿದಳು. ಆ ಕೈ ಹತ್ತಿರ ಬರುತ್ತಿದ್ದ ಹಾಗೆ ಸುಕನ್ಯಾಳ ಎಡ ಭುಜ ತಾನಾಗಿಯೇ ಮೇಲೆದ್ದು ಕಿವಿಯನ್ನು ಮುಚ್ಚಿಕೊಂಡಿತು. ಹುಡುಗಿ ಮೇಜಿನ ಮೇಲಿದ್ದ ಹೆಡ್‌ಫೋನನ್ನು ಗಡಬಡಿಸಿ ಎತ್ತಿ ತಲೆಗೆ ಹಾಕಿಕೊಂಡಳು. ಎರಡೂ ಅಂಗೈಗಳಿಂದ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.

"ಈಗ ಬರಾಕತ್ತೈತಿ ಅವ್ವಾ," ಎಂದಳು. "ಎರಡೂ ಕಡಿ ಛಲೋ ಕೇಳಸಾಕತ್ತೈತಿ."

ಕಿತ್ತ ಪಿನ್ನು ಇನ್ನೂ ಇಮಾಮಹುಸೇನನ ಕೈಯಲ್ಲೇ ಇತ್ತು.