ಬೆಳಗಾದರೆ ಸಾಯುವ ಬ್ಯಾಟರಿ

ಕೆಂಪರಾಜಣ್ಣ ಆ ಹಳೇ ಬೈಕನ್ನು ತಳ್ಳಿಕೊಂಡು ಬರುವುದು ಕಂಡರೆ ಸಾಕು, ಮೆಕ್ಯಾನಿಕ್ ಸಿದ್ದಲಿಂಗುವಿಗೆ ಕುಡಿದ ಟೀ ಬಾಯಿಗೆ ಬಂದಂತಾಗುತ್ತಿತ್ತು. ಹೊಸ ಬ್ಯಾಟರಿ ಹಾಕಿದ್ದಾಯಿತು, ಚಾರ್ಜಿಂಗ್ ಕಾಯಿಲ್ ಬದಲಿಸಿದ್ದಾಯಿತು, ಸೀಟಿನಡಿಯ ಇಲಿ ಹಿಕ್ಕೆ ಬಳಿದು ತೆಗೆದು ವೈರುಗಳನ್ನೆಲ್ಲ ತಡವಿ ನೋಡಿದ್ದಾಯಿತು. ಸಂಜೆ ಗುಡುಗುತ್ತಾ ಹೋದ ಗಾಡಿ ಬೆಳಗಾದರೆ ಹೆಣ.

"ಇವತ್ತೂ ಹಾರ್ನು ಕುಂಯ್ ಅನ್ನಲಿಲ್ಲ. ಅದೇನು ರಿಪೇರಿ ಮಾಡ್ತೀಯೋ, ಥೂ!" ಎಂದರು ಕೆಂಪರಾಜಣ್ಣ.

"ಥೂ ಅನ್ಬೇಕಾದೋನು ನಾನು ಕಣಣ್ಣ. ಇದನ್ನ ಗುಜರಿಗೆ ಹಾಕಿ ಪುಣ್ಯ ಕಟ್ಕೊಳ್ಳಿ."

"ನಿಂಗೆ ಬರಲ್ಲ ಅನ್ನು. ಗಾಡೀನ ಯಾಕೆ ಬೈತೀಯ?"

ಸಿದ್ದಲಿಂಗುವಿನ ಮೈ ಉರಿದುಹೋಯಿತು. ಅವನು ಇಲ್ಲಿಯವರೆಗೆ ಬಿಚ್ಚದೆ ಬಿಟ್ಟಿದ್ದುದು ಹೆಡ್‌ಲೈಟೊಂದೇ. ಅಂಗಡಿಯಲ್ಲಿ ಚಾರ್ಜ್ ಮಾಡಿಟ್ಟಿದ್ದ ಬ್ಯಾಟರಿಯನ್ನು ಜೋಡಿಸಿ, ಕೀಲಿಯನ್ನೂ ತಿರುಗಿಸದೆ, ಸಿಡುಕುತ್ತಲೇ ಹೆಡ್‌ಲೈಟಿನ ಸ್ಕ್ರೂ ಬಿಚ್ಚಿ ಒಳಗೆ ಇಣುಕಿದ. ಅಲ್ಲಿ ಹೆಬ್ಬೆರಳಿನಷ್ಟು ದೇವರ ಫೋಟೊ ಅಂಟಿಸಿತ್ತು. ಅದರ ಮುಂದೆ ಪುಟ್ಟ ಕೆಂಪು ಬಲ್ಬೊಂದು ತಣ್ಣಗೆ ಉರಿಯುತ್ತಿತ್ತು.

"ಸಿಕ್ತು ನೋಡಿ ಕಳ್ಳ! ಕೀಲಿ ತೆಗೆದ್ರೂ ಆರಲ್ಲ, ರಾತ್ರಿಯೆಲ್ಲ ಬ್ಯಾಟರಿ ಹೀರ್ತಾ ಕೂತಿದೆ. ಯಾವ ತಲೆಕೆಟ್ಟೋನು ಇದನ್ನ ಸೀದಾ ಬ್ಯಾಟರಿಗೆ ಕೊಟ್ಟಿರೋದು?" ಎಂದವನೇ ವೈರು ಕತ್ತರಿಸಲು ಕಟಿಂಗ್ ಪ್ಲೇಯರ್ ಎತ್ತಿದ.

ಕೆಂಪರಾಜಣ್ಣ ಗಡಬಡಿಸಿ ಚಪ್ಪಲಿ ಕಳಚಿದರು. ಒಂದು ಕೈಯಿಂದ ಕೆನ್ನೆ ಬಡಿದುಕೊಂಡು, ಇನ್ನೊಂದರಿಂದ ಅವನ ಕೈ ಹಿಡಿದುಕೊಂಡರು.

"ಮುಟ್ಟಬೇಡ ಕಣೋ! ಆಯುಧಪೂಜೆ ದಿನ ನಾನೇ ಹಾಕಿಸಿದ ನಂದಾದೀಪ ಅದು. ಗಾಡಿ ಎಲ್ಲೂ ಕೆಟ್ಟು ನಿಲ್ಲಬಾರದು ಅಂತ!"