ಛತ್ರಿಯ ಜೋಡಿ

ಅಕ್ಕ ಮಗುಚಿದ ಕಾರ್ಡಿನಲ್ಲಿ ಛತ್ರಿಯ ಚಿತ್ರ ಬಂತು. ಅದರ ಜೋಡಿ ಮೇಲಿನ ಸಾಲಿನ ಮೂಲೆಯಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಗಲೇ ಅದನ್ನು ಎತ್ತಿ ನೋಡಿ ಮತ್ತೆ ಬೋರಲು ಇಟ್ಟವಳು ಅವಳೇ. ಆದರೂ ಏನೂ ಅರಿಯದವಳಂತೆ ಕೆಳಗಿನ ಸಾಲಿಗೆ ಕೈ ಹಾಕಿ, ಬಾಚಣಿಗೆಯ ಚಿತ್ರ ತೆಗೆದು, "ಛೇ, ಜೋಡಿ ಸಿಗ್ಲಿಲ್ಲ" ಎಂದಳು.

ಸೋಲುವುದರಲ್ಲಿ ಅವಳದು ಪಳಗಿದ ಕೈ. ಎದುರು ಕೂತ ಅವಳ ತಮ್ಮ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಆರು ಟೇಬಲಿನವರು ಒಟ್ಟಿಗೆ ಬಾಯಿ ಮಾಡಿದರೂ ಯಾರಿಗೆ ಸಕ್ಕರೆ ಬೇಡ, ಯಾರಿಗೆ ಖಾರ ಕಡಿಮೆ ಎಂದು ಒಂದಕ್ಷರ ಬರೆದುಕೊಳ್ಳದೆ ತಂದಿಡುತ್ತಿದ್ದವನು. ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಈ ಕಿವಿಯಲ್ಲಿ ಕೇಳಿದ್ದು ಆ ಕಿವಿಯಲ್ಲಿ ಹೋಗತೊಡಗಿತು. ಮಾಲೀಕರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಲೋಟ ತೊಳೆಯಲು ಹಿಂದಕ್ಕೆ ಕಳಿಸಿದರು. ಸಂಜೆ ಮುಖ ಸಣ್ಣದು ಮಾಡಿಕೊಂಡು ಬರುವವನನ್ನು ಅಕ್ಕ ಆಟಕ್ಕೆ ಕೂರಿಸುತ್ತಿದ್ದಳು. ಗೆದ್ದ ದಿನ ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ. ಹಾಗಾಗಿ ದಿನಾ ಗೆಲ್ಲುತ್ತಿದ್ದ.

ಇವತ್ತಿನ ಆಟ ಮಾತ್ರ ಆಸ್ಪತ್ರೆಯಲ್ಲಿ. ತಮ್ಮನ ತಲೆಗೆ ಬಿಗಿಯಾದ ಟೋಪಿ, ಅದರಿಂದ ಹೊರಟ ವೈರುಗಳು ಪಕ್ಕದ ಪೆಟ್ಟಿಗೆಗೆ. ಮಿದುಳಿಗೆ ಒಂದಿಷ್ಟೇ ಇಷ್ಟು ಕರೆಂಟು ಕೊಟ್ಟರೆ ನೆನಪು ಚುರುಕಾದೀತೇ ಎಂಬುದು ಡಾಕ್ಟರಮ್ಮನ ಪ್ರಯೋಗ. "ಮನೇಲಿ ಆಡೋ ಆಟಾನೇ ಆಡಿ" ಎಂದವರೂ ಅವರೇ. ಇದೂ ಕೈಕೊಟ್ಟರೆ ತಮ್ಮನಿಗೆ ಲೋಟ ತೊಳೆಯುವುದೇ ಗತಿ. ಡಾಕ್ಟರ ಎದುರು ಅವನು ಸೋತು ಕುಗ್ಗಿಹೋದರೆ ಎಂಬ ಭಯಕ್ಕೆ ಅಕ್ಕನ ಕೈ ಇಲ್ಲೂ ಹಳೆಯ ಚಾಳಿ ಬಿಡಲಿಲ್ಲ.

"ಅಕ್ಕ, ನಿಲ್ಲು" ಎಂದ ತಮ್ಮ. "ಛತ್ರಿ ಆ ಮೂಲೇಲಿದೆಯಲ್ಲ. ಆಗ್ಲೇ ನೀನೇ ಎತ್ತಿ ನೋಡ್ದೆ. ಮತ್ತೆ ಇಲ್ಯಾಕೆ ಕೈ ಹಾಕ್ದೆ?"

ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಮರ್ತುಹೋಯ್ತು ಕಣೋ."

"ನಿಂಗೆ ಮರೆವಾ? ನಾನು ಚಿಕ್ಕೋನಿದ್ದಾಗ ಒಡೆದ ಕನ್ನಡೀನ ಇವತ್ತಿಗೂ ಎತ್ತಾಡ್ತೀಯ. ಡಾಕ್ಟ್ರೇ, ಇವಳಿಗೂ ಒಂದು ಟೋಪಿ ಹಾಕಿ." ನಗಲು ಹೊರಟವನು ಅರ್ಧಕ್ಕೇ ನಿಂತ. "ಅಂದ್ರೆ... ಮನೇಲಿ ನಾನು ಗೆದ್ದಿದ್ದೆಲ್ಲ?"

ಅಕ್ಕನಿಗೆ ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ, ಎದ್ದು ಕುಣಿಯಬೇಕೆನ್ನುವಷ್ಟು ಖುಷಿ ಇನ್ನೊಂದು ಕಡೆ. ಕಾರ್ಡುಗಳನ್ನೆಲ್ಲ ತಮ್ಮನೇ ಬಾಚಿ, ಕಲೆಸಿ, ಹೊಸದಾಗಿ ಹರಡಿದ. "ಈಗ ಸರಿಯಾಗಿ ಆಡು."

ಅಕ್ಕ ಸರಿಯಾಗಿಯೇ ಆಡಿದಳು. ಅವನು ಒಂದೇ ಒಂದು ಜೋಡಿಯಿಂದ ಸೋತ. ಇನ್ನೊಂದಾಟ ಬೇಕೆಂದು ಹಟ ಹಿಡಿದ. ಡಾಕ್ಟರು ಬೇಡವೆಂದು ಪೆಟ್ಟಿಗೆ ಆರಿಸಿದರು. ಹೊರಗೆ ಬಂದಾಗ ಅವರ ಮುಖವೂ ಅರಳಿತ್ತು, ಆದರೆ ಮಾತು ಬಿಗಿಯಾಗಿತ್ತು.

"ಈಗ್ಲೇ ಹಿಗ್ಗಬೇಡಿ. ಕರೆಂಟು ನಿಂತ ಮೇಲೂ ಇದು ಉಳಿಯುತ್ತಾ ಅನ್ನೋದೇ ಪ್ರಶ್ನೆ. ಇವತ್ತು ಅವ್ರು ಇಲ್ಲೇ ಇರ್ಲಿ. ನಾಳೆ ನೀವು ಬಂದಾಗ ಆಟದ ಮಾತು ಎತ್ತಬೇಡಿ. ಅವ್ರು ತಾವಾಗೇ ಹೇಳಿದ್ರೆ ಮಾತ್ರ ಲೆಕ್ಕ."

ಮರುದಿನ ಅಕ್ಕ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದಳು. ಬಾಗಿಲ ಮುಂದೆ ಉಸಿರು ಬಿಗಿಹಿಡಿದು, ನಿನ್ನೆ ಏನೂ ನಡೆದೇ ಇಲ್ಲವೆಂಬಂಥ ಮುಖ ಮಾಡಿಕೊಂಡು ಒಳಗೆ ಕಾಲಿಟ್ಟಳು. ಟೋಪಿಯಿಲ್ಲದೆ, ಕೆದರಿದ ತಲೆಯಲ್ಲಿ ಕುಳಿತಿದ್ದ ತಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬಂದ್ಲು ನೋಡಿ ಡಾಕ್ಟ್ರೇ, ಕಳ್ಳಿ. ಇವತ್ತು ಇವಳ ಕೈ ಮೇಲೆ ಒಂದು ಕಣ್ಣಿಟ್ಟಿರಿ."